ಬೀದಿಯಿಂದ ರಕ್ಷಿಸಿದ ನಾಯಿಗೆ ಹೊಸ ಮನೆ: ಉತ್ತರ ಕನ್ನಡದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಗಾಯಗೊಂಡ, ತಾಯಿ ಕಳೆದುಕೊಂಡ ಅಥವಾ ಯಾರೋ ಬಿಟ್ಟುಹೋದ ನಾಯಿಯನ್ನು ಎತ್ತಿ ತಂದು ಆರೈಕೆ ಮಾಡಿ, ಅದಕ್ಕೊಂದು ನೆಲೆ ಹುಡುಕಲು ಹೊರಟವರು ಕಾರವಾರ, ಅಂಕೋಲಾ, ಕುಮಟಾ, ಶಿರಸಿ, ಸಿದ್ದಾಪುರಗಳ ಕಡೆಯಿಂದ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕರಾವಳಿಯ ಮನೆಗೂ ಘಟ್ಟದ ಮೇಲಿನ ಮನೆಗೂ ನಾಯಿಯ ಮಟ್ಟಿಗೆ ಬಹಳ ವ್ಯತ್ಯಾಸವಿರುವುದರಿಂದ ಎರಡನ್ನೂ ಬೇರೆಬೇರೆಯಾಗಿ ಚರ್ಚಿಸಲಾಗಿದೆ. ಹೇಗಾದರೂ ಬೇಗ ಒಂದು ಮನೆ ಸಿಕ್ಕಿದರೆ ಸಾಕು ಎಂಬ ಆತುರದಿಂದಲೇ ಹೆಚ್ಚಿನ ನಾಯಿಗಳು ಕೆಲವು ತಿಂಗಳುಗಳಲ್ಲಿ ಮತ್ತೆ ಬೀದಿಗೆ ಬರುವುದನ್ನು ನಾನು ನೋಡಿದ್ದೇನೆ. ಆದ್ದರಿಂದ ಯಾವ ಮನೆಗೆ ಬೇಡ ಎನ್ನಬೇಕು ಎಂಬುದನ್ನೂ ಇಲ್ಲಿ ಸ್ಪಷ್ಟವಾಗಿ ಬರೆದಿದ್ದೇನೆ.

ಬೀದಿಯಲ್ಲಿ ಕಂಡ ಪ್ರತಿಯೊಂದು ನಾಯಿಗೂ ಮನೆ ಹುಡುಕಬೇಕೇ?

ಬೇಕಿಲ್ಲ. ಒಂದು ಕೇರಿಯಲ್ಲಿ ಹುಟ್ಟಿ ಬೆಳೆದು, ನಾಲ್ಕಾರು ಮನೆಯವರು ಹಾಕುವ ಅನ್ನ ತಿಂದು, ಅಂಗಡಿಯ ಕಟ್ಟೆಯ ಕೆಳಗೆ ಮಲಗುವ ಆರೋಗ್ಯವಂತ ದೊಡ್ಡ ನಾಯಿಗೆ ಆ ಕೇರಿಯೇ ಮನೆ. ಅದನ್ನು ಹಿಡಿದು ತಂದು ಪಾಗಾರದೊಳಗೆ (ಆವರಣ ಗೋಡೆಯೊಳಗೆ) ಕಟ್ಟಿಹಾಕಿದರೆ ನಮಗೆ ಸಮಾಧಾನವಾಗಬಹುದು, ಅದಕ್ಕಾಗುವುದಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುವುದೂ ಇದನ್ನೇ: ಬೀದಿ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲಿಯೇ ಮರಳಿ ಬಿಡಬೇಕು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಈ ಕ್ರಮವನ್ನು ಉಳಿಸಿಕೊಂಡು, ರೇಬೀಸ್ ತಗುಲಿದ ಅಥವಾ ಆಕ್ರಮಣಕಾರಿಯಾದ ನಾಯಿಗಳನ್ನು ಮಾತ್ರ ಅದರಿಂದ ಹೊರಗಿಟ್ಟಿತು. ದತ್ತು ಪಡೆಯಲು ಇಚ್ಛಿಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದು, ಆದರೆ ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಪಡೆದವರದೇ ಎಂದೂ ಅದೇ ಆದೇಶ ಹೇಳುತ್ತದೆ. ಅದೇ ವರ್ಷದ ನವೆಂಬರ್ 7ರ ಆದೇಶವು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮರಳಿ ಅಲ್ಲಿಯೇ ಬಿಡಬಾರದೆಂದು ಸೂಚಿಸಿತು. ಅಂಥ ಆವರಣಗಳಲ್ಲಿ ವರ್ಷಗಟ್ಟಲೆ ಯಾರಿಗೂ ತೊಂದರೆ ಕೊಡದೆ ಬದುಕಿದ ಸಾಧು ನಾಯಿಗಳಿಗೆ ಮನೆ ಹುಡುಕುವ ಕೆಲಸ ಇದರಿಂದ ತುರ್ತಿನದಾಗಿದೆ.

ಇವುಗಳ ಹೊರತಾಗಿ ಮನೆ ನಿಜವಾಗಿ ಬೇಕಾಗಿರುವುದು ತಾಯಿಯಿಲ್ಲದ ಮರಿಗಳಿಗೆ, ಕಾಲು ಅಥವಾ ಕಣ್ಣು ಕಳೆದುಕೊಂಡು ಓಡಿ ತಪ್ಪಿಸಿಕೊಳ್ಳಲಾರದ ನಾಯಿಗಳಿಗೆ ಮತ್ತು ಒಂದು ಕಾಲದಲ್ಲಿ ಸಾಕುನಾಯಿಯಾಗಿದ್ದು ಈಗ ಬೀದಿಗೆ ಬಿದ್ದಿರುವವುಗಳಿಗೆ. ಕೊನೆಯ ಬಗೆಯನ್ನು ಗುರುತಿಸುವುದು ಕಷ್ಟವಲ್ಲ. ಕುತ್ತಿಗೆಯ ಸುತ್ತ ಕೂದಲು ಸವೆದು ಪಟ್ಟಿಯ ಗುರುತು ಉಳಿದಿರುತ್ತದೆ. ಉಳಿದ ನಾಯಿಗಳು ಅದನ್ನು ಹತ್ತಿರ ಸೇರಿಸುವುದಿಲ್ಲ. ಘಟ್ಟದ ತಿರುವಿನಲ್ಲೋ ಪೇಟೆಯ ಅಂಚಿನಲ್ಲೋ ಒಂದೇ ಜಾಗದಲ್ಲಿ ಕುಳಿತು, ಹಾದುಹೋಗುವ ಪ್ರತಿ ಕಾರಿಗೂ ಎದ್ದು ನಿಂತು, ಅದು ನಿಲ್ಲದೆ ಹೋದಾಗ ಮತ್ತೆ ಕುಳಿತುಕೊಳ್ಳುತ್ತದೆ. ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ.

ರಸ್ತೆ ಬದಿಯಲ್ಲಿ ಮರಿಗಳು ಮಾತ್ರ ಕಂಡರೆ ತಕ್ಷಣ ಎತ್ತಿಕೊಂಡು ಬರಬಹುದೇ?

ಗೋಣಿಚೀಲದಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಇದ್ದರೆ ಯಾರೋ ತಂದು ಬಿಟ್ಟಿದ್ದಾರೆಂದೇ ಅರ್ಥ, ಎತ್ತಿಕೊಂಡು ಬನ್ನಿ. ಮೋರಿಯ ಕೆಳಗೋ ಕಟ್ಟಿಗೆ ರಾಶಿಯ ಸಂದಿಯಲ್ಲೋ ಇದ್ದರೆ ತಾಯಿ ಆಹಾರಕ್ಕೆ ಹೋಗಿರುವ ಸಾಧ್ಯತೆಯೇ ಹೆಚ್ಚು. ದೂರದಲ್ಲಿ ನಿಂತು ಕೆಲವು ಗಂಟೆ ಕಾಯಿರಿ. ಮರಿಗಳು ಕನಿಷ್ಠ ಎಂಟು ವಾರ ತಾಯಿಯ ಜೊತೆಗಿದ್ದರೆ ಹಾಲಿನಿಂದ ರೋಗನಿರೋಧಕ ಶಕ್ತಿಯನ್ನೂ, ಎಷ್ಟು ಬಿಗಿಯಾಗಿ ಕಚ್ಚಿದರೆ ನೋವಾಗುತ್ತದೆಂಬ ತಿಳಿವಳಿಕೆಯನ್ನೂ ಪಡೆಯುತ್ತವೆ. ತಾಯಿ ಬಂದರೆ ಅದಕ್ಕೆ ಆಹಾರ ಹಾಕುತ್ತಾ ಮರಿಗಳನ್ನು ಅಲ್ಲಿಯೇ ಬೆಳೆಯಗೊಟ್ಟು, ಎರಡು ತಿಂಗಳಾದ ಮೇಲೆ ಮರಿಗಳಿಗೆ ಮನೆಯನ್ನೂ ತಾಯಿಗೆ ಶಸ್ತ್ರಚಿಕಿತ್ಸೆಯನ್ನೂ ಒಟ್ಟಿಗೆ ಯೋಜಿಸುವುದು ಉತ್ತಮ. ತಾಯಿಯನ್ನು ಬಿಟ್ಟು ಮರಿಗಳನ್ನಷ್ಟೇ ತಂದರೆ ಕೆಲವು ತಿಂಗಳಲ್ಲಿ ಅದೇ ಮೋರಿಯ ಕೆಳಗೆ ಮತ್ತೊಂದು ಹಿಂಡು ಇರುತ್ತದೆ.

ತಂದ ಮೇಲೆ ಎಷ್ಟು ದಿನ ನಮ್ಮಲ್ಲಿ ಇಟ್ಟುಕೊಳ್ಳಬೇಕು, ಏನೇನು ಮಾಡಿಸಬೇಕು?

ಕಡಿಮೆಯೆಂದರೂ ಎರಡು ವಾರ, ಮನೆಯ ಬೇರೆ ನಾಯಿಗಳಿಂದ ಪ್ರತ್ಯೇಕವಾಗಿ ಇಡಬೇಕು. ಪಾರ್ವೊ ಮತ್ತು ಡಿಸ್ಟೆಂಪರ್ ರೋಗಗಳು ಮೊದಲ ದಿನ ಕಣ್ಣಿಗೆ ಕಾಣುವುದಿಲ್ಲ. ಚುರುಕಾಗಿ ಆಡುತ್ತಿದ್ದ ಮರಿ ಐದಾರು ದಿನಗಳ ನಂತರ ವಾಂತಿ ಮತ್ತು ರಕ್ತಭೇದಿಯಿಂದ ಮಲಗಿಬಿಡುತ್ತದೆ. ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಅಂಥ ಮರಿ ಸತ್ತ ಅಂಗಳಕ್ಕೆ ಲಸಿಕೆಯಾಗದ ಇನ್ನೊಂದು ಮರಿಯನ್ನು ತರಲೇಬಾರದು.

ಮೊದಲ ದಿನವೇ ಪಶುವೈದ್ಯರಿಗೆ ತೋರಿಸಿ ಜಂತುಹುಳದ ಔಷಧಿ ಕೊಡಿಸಿ. ಪಾರ್ವೊ ಮತ್ತು ಡಿಸ್ಟೆಂಪರ್ ಸೇರಿದ ಲಸಿಕೆ ಆರರಿಂದ ಎಂಟು ವಾರದ ವಯಸ್ಸಿಗೆ ಆರಂಭವಾಗಿ ಮೂರು ನಾಲ್ಕು ವಾರಗಳಿಗೊಮ್ಮೆ ಪುನರಾವರ್ತನೆಯಾಗುತ್ತದೆ. ರೇಬೀಸ್ ಲಸಿಕೆಯನ್ನು ಮೂರು ತಿಂಗಳಿಗೆ ಹಾಕಿಸಬೇಕು. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಇಲಿಯ ಮೂತ್ರ ಬೆರೆತ ನಿಂತ ನೀರಿನಿಂದ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ಮನುಷ್ಯರಿಗೂ ಹರಡಬಲ್ಲದು; ಆದ್ದರಿಂದ ಅದರ ರೋಗಾಣುವಾದ ಲೆಪ್ಟೊಸ್ಪೈರಾ ವಿರುದ್ಧವೂ ರಕ್ಷಣೆ ಕೊಡುವ ಲಸಿಕೆಯನ್ನೇ ಕೇಳಿ ಹಾಕಿಸಿ.

ಮನೆಮದ್ದಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕಜ್ಜಿ ಹಿಡಿದ ನಾಯಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯುವ ರೂಢಿ ಇನ್ನೂ ಹೋಗಿಲ್ಲ. ನಾಯಿ ಅದನ್ನು ನೆಕ್ಕುತ್ತದೆ, ಎಣ್ಣೆಯಲ್ಲಿರುವ ವಿಷ ಹೊಟ್ಟೆಗೂ ಚರ್ಮದ ಮೂಲಕ ರಕ್ತಕ್ಕೂ ಸೇರುತ್ತದೆ. ಕಜ್ಜಿಗೆ ಕಾರಣ ಕಣ್ಣಿಗೆ ಕಾಣದ ನುಸಿ. ವೈದ್ಯರು ಚರ್ಮ ಕೆರೆದು ನೋಡಿ ಕೊಡುವ ಔಷಧಿಯಿಂದ ಕೆಲವೇ ವಾರಗಳಲ್ಲಿ ಕೂದಲು ಮರಳಿ ಬರುತ್ತದೆ. ಹುಳ ಬಿದ್ದ ಗಾಯಕ್ಕೆ ಸೀಮೆಎಣ್ಣೆ ಸುರಿಯುವುದೂ ಹಾಗೆಯೇ ತಪ್ಪು. ಜ್ವರವೆಂದು ಮನುಷ್ಯರ ನೋವುನಿವಾರಕ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತದೆ.

ಆರೈಕೆ ಮಾಡುವಾಗ ನಾಯಿ ಕಚ್ಚಿದರೆ?

ಹೆದರಿದ, ನೋವಿನಲ್ಲಿರುವ ನಾಯಿ ಕಚ್ಚುವುದು ಸಹಜ. ಅದರಿಂದ ಅದು ಕೆಟ್ಟ ನಾಯಿ ಎನಿಸುವುದಿಲ್ಲ. ಆದರೆ ಗೀರಿದರೂ ಸರಿ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯನ್ನು 0, 3, 7 ಮತ್ತು 28ನೇ ದಿನ ಹಾಕುತ್ತಾರೆ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ನಾಯಿಯನ್ನು ಹತ್ತು ದಿನ ಗಮನಿಸುವುದು ಸರಿಯಾದ ಕ್ರಮವೇ, ಆದರೆ ಗಮನಿಸಿ ನೋಡೋಣವೆಂದು ಲಸಿಕೆಯನ್ನು ಮುಂದೂಡಬಾರದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆಯಿಲ್ಲ. ಈ ಕೆಲಸವನ್ನು ನಿಯಮಿತವಾಗಿ ಮಾಡುವವರು ಮುಂಚಿತವಾಗಿಯೇ ಲಸಿಕೆ ಪಡೆದಿರಬೇಕು. ಹಾಗೆ ಪಡೆದವರಿಗೆ ಮುಂದೆ ಕಡಿತವಾದಾಗ 0 ಮತ್ತು 3ನೇ ದಿನದ ಎರಡು ಡೋಸ್ ಸಾಕಾಗುತ್ತದೆ, ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ.

ಹೆಣ್ಣು ಮರಿಯನ್ನು ಯಾರೂ ಕೇಳುವುದಿಲ್ಲ. ಏನು ಮಾಡಬೇಕು?

ಈ ಪ್ರಶ್ನೆ ಬರದ ವಾರವಿಲ್ಲ. ಐದು ಮರಿಗಳಿದ್ದರೆ ಗಂಡು ಮರಿಗಳೆಲ್ಲ ಹೋಗಿ ಹೆಣ್ಣು ಮರಿಗಳು ಉಳಿಯುತ್ತವೆ. ಬೀದಿಗೆ ಬಿಡುವವರು ಬಿಡುವುದೂ ಹೆಚ್ಚಾಗಿ ಹೆಣ್ಣು ಮರಿಗಳನ್ನೇ. ಕೇಳಿದರೆ ಎಲ್ಲರ ಉತ್ತರವೂ ಒಂದೇ: ಮರಿ ಹಾಕಿದರೆ ಏನು ಮಾಡುವುದು, ಬೆದೆಗೆ ಬಂದಾಗ ಊರ ನಾಯಿಗಳೆಲ್ಲ ಅಂಗಳದಲ್ಲಿ ಸೇರುತ್ತವಲ್ಲ. ಈ ಎರಡು ಆಕ್ಷೇಪಗಳೂ ಸುಳ್ಳಲ್ಲ, ಮತ್ತು ಎರಡಕ್ಕೂ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಪರಿಹಾರವಿದೆ. ಆದ್ದರಿಂದ ಹೆಣ್ಣು ಮರಿಗೆ ಮನೆ ಹುಡುಕುವವರು ಮಾತಿನ ಆರಂಭದಲ್ಲಿಯೇ, ಆರು ತಿಂಗಳಾದ ಮೇಲೆ ಶಸ್ತ್ರಚಿಕಿತ್ಸೆ ನಾವೇ ಮಾಡಿಸಿಕೊಡುತ್ತೇವೆ, ಕರೆದುಕೊಂಡು ಹೋಗಿ ತರುವುದೂ ನಮ್ಮದೇ ಜವಾಬ್ದಾರಿ ಎಂದು ಹೇಳಿಬಿಡಬೇಕು. ಬೇಡವೆಂದು ಹೊರಟು ಬಾಗಿಲವರೆಗೆ ಹೋದವರು ಆ ಮಾತಿಗೆ ನಿಂತು ಮರಿಯನ್ನು ಕೈಗೆತ್ತಿಕೊಂಡು ನೋಡುವುದನ್ನು ಕಂಡಿದ್ದೇನೆ.

ದೊಡ್ಡ ನಾಯಿಯಾದರೆ ಗಂಡಾಗಲಿ ಹೆಣ್ಣಾಗಲಿ ಶಸ್ತ್ರಚಿಕಿತ್ಸೆ ಮುಗಿಸಿ, ಹೊಲಿಗೆ ಒಣಗಿದ ಮೇಲೆಯೇ ಕೊಡಬೇಕು. ಇದಕ್ಕೆ ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ. ಒಂದು ಸಲವಾದರೂ ಮರಿ ಹಾಕಿದರೆ ನಾಯಿಗೆ ಒಳ್ಳೆಯದು ಎಂಬ ನಂಬಿಕೆಗೆ ಆಧಾರವಿಲ್ಲ. ಮೊದಲ ಬೆದೆಗೆ ಮುನ್ನವೇ ಶಸ್ತ್ರಚಿಕಿತ್ಸೆಯಾದರೆ ಮುಂದೆ ಮೊಲೆಯ ಗಡ್ಡೆಯಾಗುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ, ಗರ್ಭಕೋಶದ ಕೀವು ಬರುವ ಪ್ರಶ್ನೆಯೇ ಇರುವುದಿಲ್ಲ. ನಾಯಿ ಗರ್ಭ ಧರಿಸುವ ಅವಧಿ ಸುಮಾರು 63 ದಿನ ಮಾತ್ರ. ನಾಳೆ ಮಾಡಿಸೋಣವೆಂದು ಮುಂದೂಡಿದ ಎರಡು ತಿಂಗಳು ಎಷ್ಟು ದುಬಾರಿಯೆಂದು ಇದರಿಂದಲೇ ತಿಳಿಯುತ್ತದೆ.

ನಾಯಿಯ ಸ್ವಭಾವವನ್ನು ತಿಳಿದುಕೊಳ್ಳುವುದು ಹೇಗೆ?

ಮೊದಲ ವಾರದ ಸ್ವಭಾವವನ್ನು ನಂಬಬೇಡಿ. ಹೆದರಿಕೆಯಿಂದ ಮೂಲೆ ಸೇರಿದ ನಾಯಿಯನ್ನು ಜನ ಸಾಧು ಎಂದುಕೊಳ್ಳುತ್ತಾರೆ. ಹೊಟ್ಟೆ ತುಂಬಿ ಧೈರ್ಯ ಬಂದ ಮೇಲೆ ಅದರ ನಿಜವಾದ ಗುಣ ಗೊತ್ತಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ನಾಯಿ ಹೋಗುವ ಹೆಚ್ಚಿನ ಮನೆಗಳಲ್ಲಿ ಕೋಳಿಯೋ ದನಕರುವೋ ಬೆಕ್ಕೋ ಇದ್ದೇ ಇರುತ್ತದೆ, ಆದ್ದರಿಂದ ಅವುಗಳ ಎದುರು ಹೇಗಿರುತ್ತದೆಂದು ನೋಡಲೇಬೇಕು. ಗಟ್ಟಿಯಾದ ಹಗ್ಗ ಹಿಡಿದು ಕೋಳಿಗಳು ಮೇಯುವ ಜಾಗದಿಂದ ಸ್ವಲ್ಪ ದೂರದಲ್ಲಿ ನಾಯಿಯನ್ನು ನಿಲ್ಲಿಸಿ. ಕಿವಿ ನಿಮಿರಿಸಿ, ಬಾಲ ಆಡಿಸಿ, ನೀವು ಹೆಸರು ಹಿಡಿದು ಕರೆದಾಗ ತಿರುಗಿ ನೋಡಿದರೆ ಅದು ಬರೀ ಕುತೂಹಲ. ಬಾಯಿ ಮುಚ್ಚಿ, ಮೈ ಬಿಗಿದು, ತಲೆಯನ್ನು ಬೆನ್ನಿನ ಮಟ್ಟಕ್ಕೆ ಇಳಿಸಿ, ಎಷ್ಟು ಕರೆದರೂ ಕಣ್ಣು ತೆಗೆಯದೆ ನಿಂತರೆ ಅದನ್ನು ಕೋಳಿಯಿರುವ ಮನೆಗೆ ಕೊಡಬೇಡಿ. ಕೊಟ್ಟರೆ ಮೊದಲ ಕೋಳಿ ಸತ್ತ ದಿನವೇ ನಾಯಿಗೂ ಆ ಮನೆಗೂ ಸಂಬಂಧ ಮುಗಿಯುತ್ತದೆ.

ತಿನ್ನುವಾಗ ಬಟ್ಟಲಿನ ಹತ್ತಿರ ಹೋದರೆ ಗುರುಗುಟ್ಟುತ್ತದೆಯೇ, ಕೋಲು ಎತ್ತಿದವರನ್ನು ಕಂಡರೆ ಮುದುಡುತ್ತದೆಯೇ, ಮಕ್ಕಳ ಓಡಾಟಕ್ಕೆ ಬೆದರುತ್ತದೆಯೇ ಎಂಬುದನ್ನೆಲ್ಲ ಬರೆದಿಟ್ಟುಕೊಂಡು ಹೊಸ ಮನೆಯವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ದತ್ತು ಪ್ರಕಟಣೆಯಲ್ಲಿ ಏನು ಬರೆಯಬೇಕು?

ಹಗಲ ಬೆಳಕಿನಲ್ಲಿ, ನಾಯಿಯ ಕಣ್ಣಿನ ಎತ್ತರಕ್ಕೆ ಕುಳಿತು ತೆಗೆದ ಒಂದು ಚಿತ್ರ, ನಡೆಯುತ್ತಿರುವ ಒಂದು ಚಿಕ್ಕ ವಿಡಿಯೊ, ವಯಸ್ಸು, ಲಿಂಗ, ಆಗಿರುವ ಲಸಿಕೆಗಳು, ಶಸ್ತ್ರಚಿಕಿತ್ಸೆಯ ವಿವರ, ಇರುವ ಊರು, ಮತ್ತು ಅದರ ಸ್ವಭಾವದ ಬಗ್ಗೆ ನಾಲ್ಕು ಸತ್ಯವಾದ ವಾಕ್ಯ ಸಾಕು. ಇವತ್ತೇ ಯಾರಾದರೂ ಕರೆದೊಯ್ಯದಿದ್ದರೆ ಸಾಯುತ್ತದೆ ಎಂದು ಬರೆಯಬೇಡಿ. ಕರುಣೆಯ ಭರದಲ್ಲಿ ಬಂದವರು ಆ ಭರ ಇಳಿದ ಮೇಲೆ ಹಿಂದೆ ಸರಿಯುತ್ತಾರೆ.

ಊನವಿದ್ದರೆ ಅದನ್ನು ಮರೆಮಾಡದೆ ತೋರಿಸುವುದೇ ಲೇಸು. ಕಾರವಾರದ ಬೈತಖೋಲ ಬಂದರಿನ ಬಳಿ ವಾಹನಕ್ಕೆ ಸಿಕ್ಕಿ ಮುಂಗಾಲು ಕಳೆದುಕೊಂಡ ಕರಿಯ ಹೆಣ್ಣು ನಾಯಿಯೊಂದಿತ್ತು. ಅದು ಮೆಟ್ಟಿಲು ಇಳಿಯುವಾಗ ಒಂದು ಪಕ್ಕೆಯನ್ನು ಗೋಡೆಗೆ ಆನಿಸಿ, ಉಳಿದ ಒಂದು ಮುಂಗಾಲನ್ನು ಕೆಳಗಿಟ್ಟು, ಆಮೇಲೆ ಹಿಂಗಾಲುಗಳನ್ನು ಒಟ್ಟಿಗೆ ಜಿಗಿಸಿ ಇಳಿಯುತ್ತಿತ್ತು. ಆ ವಿಡಿಯೊವನ್ನೇ ಹಂಚಿದೆವು. ಸಿದ್ದಾಪುರದ ಕಡೆಯ ವಯಸ್ಸಾದ ದಂಪತಿ ಅದನ್ನು ನೋಡಿ, ತಮ್ಮ ಮನೆಯ ಜಗಲಿಗೆ ಎರಡೇ ಮೆಟ್ಟಿಲು, ಅದೂ ತಗ್ಗು, ಅದಕ್ಕೆ ಕಷ್ಟವಾಗದು ಎಂದು ಕೇಳಿ ಕರೆದೊಯ್ದರು.

ನಾಯಿ ಕೇಳಿ ಬಂದವರನ್ನು ಏನೇನು ವಿಚಾರಿಸಬೇಕು?

ಹಿಂದೆ ನಾಯಿ ಸಾಕಿದ್ದರೇ, ಅದು ಏನಾಯಿತು ಎಂಬುದೇ ಮೊದಲ ಪ್ರಶ್ನೆ. ಎಲ್ಲಿಗೋ ಹೋಯಿತು, ತೋಟದಲ್ಲಿ ಏನೋ ಆಯಿತು, ಆಮೇಲೆ ಇನ್ನೊಂದು ತಂದೆವು, ಅದೂ ಉಳಿಯಲಿಲ್ಲ ಎಂಬ ಉತ್ತರ ಬಂದರೆ ಅಲ್ಲಿಗೆ ನಿಲ್ಲಿಸಿ. ನಾಯಿ ರಾತ್ರಿ ಎಲ್ಲಿ ಮಲಗುತ್ತದೆ, ಮನೆಯವರೆಲ್ಲ ಮದುವೆಮುಂಜಿಗೆಂದು ನಾಲ್ಕು ದಿನ ಹೋದರೆ ಯಾರು ನೋಡಿಕೊಳ್ಳುತ್ತಾರೆ, ಕಾಯಿಲೆ ಬಿದ್ದರೆ ಪಶು ಆಸ್ಪತ್ರೆಗೆ ಒಯ್ಯಲು ವಾಹನವಿದೆಯೇ, ಮನೆಯ ಹಿರಿಯರ ಒಪ್ಪಿಗೆಯಿದೆಯೇ ಎಂದು ಕೇಳಿ. ಮಡಿಯ ಮನೆಯವರು ನಾಯಿಯನ್ನು ಒಳಗೆ ಬಿಡುವುದಿಲ್ಲವೆಂದು ಮೊದಲೇ ಹೇಳಿದರೆ ಅದೊಂದೇ ಕಾರಣಕ್ಕೆ ನಿರಾಕರಿಸಬೇಕಿಲ್ಲ. ಜಗಲಿಯ ಮೇಲೆ ಮಳೆಯ ಇರಚಲು ಬಡಿಯದ ಜಾಗ, ಒಣ ಗೋಣಿ, ಹೊತ್ತಿಗೆ ಸರಿಯಾಗಿ ಅನ್ನ ಮತ್ತು ದಿನಕ್ಕೆ ಹಲವು ಸಲ ತಲೆ ಸವರುವ ಕೈ ಇರುವ ಮನೆ ನಾಯಿಗೆ ಒಳ್ಳೆಯ ಮನೆಯೇ. ಹಗಲಿರುಳು ಸರಪಳಿಯಲ್ಲಿ ಕಟ್ಟಿಡುವ ಮನೆಗೆ, ಅದು ಎಷ್ಟೇ ಸಿರಿವಂತರದಾದರೂ, ಕೊಡಬಾರದು.

ಬಾಡಿಗೆ ಮನೆಯವರಾದರೆ ಮನೆ ಮಾಲೀಕರ ಒಪ್ಪಿಗೆ ಬೇಕು. ಕಾರವಾರದ ನೌಕಾನೆಲೆಯಲ್ಲೋ ಕೈಗಾ ಅಣುವಿದ್ಯುತ್ ಸ್ಥಾವರದಲ್ಲೋ ಬ್ಯಾಂಕಿನಲ್ಲೋ ನೌಕರಿಯಲ್ಲಿದ್ದು ವರ್ಗಾವಣೆಯಾಗುವವರನ್ನು ದೂರವಿಡುವ ಅಗತ್ಯವಿಲ್ಲ, ಆದರೆ ವರ್ಗವಾದಾಗ ನಾಯಿಯೂ ಜೊತೆಗೆ ಹೋಗುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ ಖಚಿತಪಡಿಸಿಕೊಳ್ಳಬೇಕು.

ಅಡಿಕೆ ತೋಟದವರು ಮಂಗ ಓಡಿಸಲು ನಾಯಿ ಬೇಕೆಂದು ಕೇಳುತ್ತಾರೆ. ಕೊಡಬಹುದೇ?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯಿಂದ ಬರುವ ಕೇಳಿಕೆಗಳಲ್ಲಿ ಹೆಚ್ಚಿನವು ಇಂಥವೇ. ಮಂಗನ ಹಾವಳಿಯಿಂದ ಬಾಳೆ, ಏಲಕ್ಕಿ, ಎಳೆಯ ಅಡಿಕೆಗೆ ಆಗುವ ನಷ್ಟ ನಿಜ, ಓಡಾಡಲು ಜಾಗವಿರುವ ತೋಟದ ಮನೆ ಚುರುಕಾದ ನಾಯಿಗೆ ಒಗ್ಗುವುದೂ ನಿಜ. ಆದರೆ ನಾಯಿಯನ್ನು ಕೆಲಸಕ್ಕೆಂದು ಕೇಳುವವರಿಗೂ ಮನೆಯ ಸದಸ್ಯನಂತೆ ಕಾಣುವವರಿಗೂ ಇರುವ ಅಂತರವನ್ನು ನಾಲ್ಕು ವಿಷಯಗಳಲ್ಲಿ ಪರೀಕ್ಷಿಸಬಹುದು.

ಒಂದು, ಚಿರತೆ. ಘಟ್ಟದ ಹಳ್ಳಿಗಳಲ್ಲಿ ಅಂಗಳದಿಂದ, ಜಗಲಿಯಿಂದ ನಾಯಿಯನ್ನು ಚಿರತೆ ಒಯ್ಯುವುದು ಹೊಸದಲ್ಲ. ರಾತ್ರಿ ಹೊರಗೆ ಕಟ್ಟಿಹಾಕಿದ ನಾಯಿಗೆ ಓಡುವ ಅವಕಾಶವೂ ಇಲ್ಲ. ಕತ್ತಲಾಗುವ ಮುನ್ನ ಬಾಗಿಲಿರುವ ಕೊಟ್ಟಿಗೆಗೋ ಕಟ್ಟಿಗೆಮನೆಗೋ ನಾಯಿಯನ್ನು ಸೇರಿಸಿ ಚಿಲಕ ಹಾಕುವ ವ್ಯವಸ್ಥೆಯಿಲ್ಲದಿದ್ದರೆ ಕೊಡಬಾರದು. ಇದರಲ್ಲಿ ರಿಯಾಯಿತಿಯಿಲ್ಲ.

ಎರಡು, ಮೈಲುತುತ್ತ. ಅಡಿಕೆಯ ಕೊಳೆರೋಗ ತಡೆಯಲು ಮಳೆಗಾಲದ ಆರಂಭದಲ್ಲೊಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನಗಳ ನಂತರ ಇನ್ನೊಮ್ಮೆ ಬೋರ್ಡೊ ದ್ರಾವಣ ಹೊಡೆಯುತ್ತಾರೆ. ಅದರಲ್ಲಿರುವ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ನಾಯಿಗೆ ವಿಷ. ಡ್ರಮ್ಮಿನ ತಳದಲ್ಲಿ ಉಳಿದ ನೀಲಿ ನೀರು ಕುಡಿದರೂ, ಪಾದಕ್ಕೆ ಮೆತ್ತಿದ್ದನ್ನು ನೆಕ್ಕಿದರೂ ವಾಂತಿ, ಹೊಟ್ಟೆನೋವು ಶುರುವಾಗುತ್ತದೆ. ಔಷಧಿ ಹೊಡೆಯುವ ದಿನಗಳಲ್ಲಿ ನಾಯಿಯನ್ನು ಮನೆಯ ಹತ್ತಿರವೇ ಇಟ್ಟುಕೊಳ್ಳಲು ಒಪ್ಪುವವರಾಗಿರಬೇಕು.

ಮೂರು, ಉರುಳು. ಕಾಡುಹಂದಿಗೆಂದು ಬೇಲಿಯಂಚಿಗೆ ಹಾಕಿದ ತಂತಿಯ ಉರುಳಿಗೆ ನಾಯಿಯೂ ಬೀಳುತ್ತದೆ, ಸೊಂಟ ಕತ್ತರಿಸಿದಂತಾಗುತ್ತದೆ. ಉರುಳು ಹಾಕುವುದು ಕಾನೂನಿಗೂ ವಿರುದ್ಧ.

ನಾಲ್ಕು, ಉಣುಗು (ರಕ್ತ ಹೀರುವ ಉಣ್ಣೆ). 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರ, ಹೊನ್ನಾವರ ತಾಲ್ಲೂಕುಗಳನ್ನೂ ಕಾಡಿದೆ. ಅದು ಹರಡುವುದು ಕಾಡಿನ ಉಣುಗಿನಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಮಂಗಗಳ ಬೆನ್ನಟ್ಟಿ ಬೆಟ್ಟಕ್ಕೆ ನುಗ್ಗುವ ನಾಯಿಯ ಮೈಗೆ ಹತ್ತಿದ ಉಣುಗು ಮನೆಯಂಗಳಕ್ಕೆ ಬರಬಹುದು. ಆ ತಿಂಗಳುಗಳಲ್ಲಿ ನಾಯಿಯನ್ನು ಕಾಡಿಗೆ ಬಿಡದೆ, ವೈದ್ಯರು ಹೇಳಿದ ಉಣುಗು ನಿವಾರಕವನ್ನು ತಪ್ಪದೆ ಹಾಕುತ್ತಾ, ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ದಿನವೂ ಹುಡುಕಿ ತೆಗೆಯಬೇಕು, ಬರಿಗೈಯಲ್ಲಿ ಹಿಸುಕಬಾರದು. ಕಾಡಿನ ಸುತ್ತ ಮಂಗ ಸತ್ತ ಸುದ್ದಿ ಬಂದರೆ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಿ, ನಾಯಿಯನ್ನು ಆ ಕಡೆಗೆ ಬಿಡಲೇಬೇಡಿ.

ಈ ನಾಲ್ಕಕ್ಕೂ ಸಮಾಧಾನಕರ ಉತ್ತರ ಕೊಡುವ ತೋಟದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥಲ್ಲಿಗೆ ಹೋದ ನಾಯಿಗಳೇ ಎಲ್ಲಕ್ಕಿಂತ ಸುಖವಾಗಿರುವುದು.

ಕರಾವಳಿಯ ಮನೆಗಳಿಗೆ ಕೊಡುವಾಗ ಗಮನಿಸಬೇಕಾದುದೇನು?

ಎಲ್ಲಕ್ಕಿಂತ ಮೊದಲು ರಾಷ್ಟ್ರೀಯ ಹೆದ್ದಾರಿ 66. ರಸ್ತೆ ಚತುಷ್ಪಥವಾದ ಮೇಲೆ ವಾಹನಗಳ ವೇಗ ಹೆಚ್ಚಿದೆ, ನಡುವಿನ ವಿಭಜಕ ದಾಟಲಾಗದೆ ನಾಯಿಗಳು ಗೊಂದಲಗೊಂಡು ನಿಲ್ಲುತ್ತವೆ. ಹೆದ್ದಾರಿಗೆ ತಾಗಿದ ಮನೆಯಾದರೆ ಪಾಗಾರ ಮತ್ತು ಮುಚ್ಚುವ ಗೇಟು ಇರಲೇಬೇಕು.

ಕಡಲಂಚಿನ ಮನೆಯಾದರೆ ರಾತ್ರಿ ನಾಯಿಯನ್ನು ದಂಡೆಗೆ ಬಿಡುವುದಿಲ್ಲವೆಂದು ಮಾತು ತೆಗೆದುಕೊಳ್ಳಿ. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡ ಮುಂತಾದ ತೀರಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ನಾಯಿಗಳು ಆ ಗೂಡುಗಳನ್ನು ಕೆದರಿ ತಿನ್ನುತ್ತವೆ. ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಜೀವಿ. ಒಂದು ಪ್ರಾಣಿಯನ್ನು ಉಳಿಸಿದ ನಾವು ಇನ್ನೊಂದರ ಸಂತಾನಕ್ಕೆ ಎರವಾಗಬಾರದು.

ಬಂದರುಗಳ ನಾಯಿಗಳ ವಿಷಯದಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧವನ್ನು ನೆನಪಿಡಬೇಕು. ಬೋಟುಗಳು ನಿಂತಾಗ ಅವುಗಳ ಆಹಾರವೂ ನಿಲ್ಲುತ್ತದೆ. ಆ ಎರಡು ತಿಂಗಳಲ್ಲಿ ಬಡಕಲಾಗಿ ಕಂಡ ನಾಯಿಗಳನ್ನೆಲ್ಲ ಮನೆಯಿಲ್ಲದವೆಂದು ಎತ್ತಿ ತರುವ ಬದಲು ಅಲ್ಲಿಯೇ ಅನ್ನ ಹಾಕುವ ವ್ಯವಸ್ಥೆ ಮಾಡುವುದು ಸರಿ.

ಗೋಕರ್ಣಕ್ಕೆ ಬಂದ ವಿದೇಶಿ ಪ್ರವಾಸಿಗರು ನಾಯಿಯನ್ನು ತಮ್ಮ ದೇಶಕ್ಕೆ ಒಯ್ಯುತ್ತೇವೆ ಎನ್ನುತ್ತಾರೆ. ನಂಬಬಹುದೇ?

ಒಯ್ದವರೂ ಇದ್ದಾರೆ, ಆದರೆ ಅದು ರಜೆ ಮುಗಿಯುವುದರೊಳಗೆ ಆಗುವ ಕೆಲಸವಲ್ಲ. ಐರೋಪ್ಯ ಒಕ್ಕೂಟದ ದೇಶಗಳಿಗಾದರೆ ಭಾರತದಿಂದ ಹೋಗುವ ನಾಯಿಗೆ ಮೊದಲು ಮೈಕ್ರೊಚಿಪ್, ನಂತರ ರೇಬೀಸ್ ಲಸಿಕೆ, ಕನಿಷ್ಠ 30 ದಿನಗಳ ಮೇಲೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳ ಕಾಯುವಿಕೆ ಇದೆ. ಅಷ್ಟು ಕಾಲ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ, ಖರ್ಚು ಯಾರದು ಎಂಬುದು ಬರಹದಲ್ಲಿ ಇತ್ಯರ್ಥವಾಗದೆ ಒಪ್ಪಬೇಡಿ. ಹೋಮ್‌ಸ್ಟೇ, ರೆಸಾರ್ಟುಗಳಿಗೆ ಕೊಡುವಾಗಲೂ ಪ್ರವಾಸಿಗರಿಲ್ಲದ ಮಳೆಗಾಲದಲ್ಲಿ ಬಾಗಿಲು ಮುಚ್ಚಿದರೆ ನಾಯಿ ಎಲ್ಲಿರುತ್ತದೆ ಎಂದು ಕೇಳಿ.

ಒಪ್ಪಿಗೆ ಪತ್ರ ಬೇಕೇ?

ಬೇಕು. ಗುರುತಿನ ಚೀಟಿಯ ಪ್ರತಿ, ವಿಳಾಸ, ನಾಯಿಯ ಚಿತ್ರ, ಲಸಿಕೆಯ ಮುಂದಿನ ದಿನಾಂಕಗಳು, ಮರಿಯಾದರೆ ಶಸ್ತ್ರಚಿಕಿತ್ಸೆಯ ತಿಂಗಳು, ಬೇರೆಯವರಿಗೆ ಕೊಡಬಾರದು, ಸಾಕಲಾಗದಿದ್ದರೆ ನಮಗೇ ಮರಳಿಸಬೇಕು ಎಂಬ ಷರತ್ತು ಇರಬೇಕು. ಪರಿಚಿತರೇ ಆದರೂ ಪತ್ರ ಮಾಡಿ.

ಕಾರವಾರದಿಂದ ಶಿರಸಿಗೆ ನಾಯಿಯನ್ನು ಸಾಗಿಸುವುದು ಹೇಗೆ?

ಬಾಡಿಗೆಯ ಅಥವಾ ಸ್ವಂತ ವಾಹನವೇ ಉತ್ತಮ. ದೇವಿಮನೆ ಘಟ್ಟವಿರಲಿ, ಅರಬೈಲು ಘಟ್ಟವಿರಲಿ, ತಿರುವುಗಳಲ್ಲಿ ನಾಯಿಗೆ ಹೊಟ್ಟೆ ತೊಳಸುತ್ತದೆ. ಹೊರಡುವ ಕೆಲವು ಗಂಟೆ ಮುಂಚೆಯೇ ಆಹಾರ ನಿಲ್ಲಿಸಿ, ನೀರು ಮಾತ್ರ ಕೊಡಿ. ಎಳೆಯ ಮರಿಗಳನ್ನು ಮಾತ್ರ ದೀರ್ಘಕಾಲ ಬರಿಹೊಟ್ಟೆಯಲ್ಲಿ ಇಡಬಾರದು. ಘಟ್ಟದ ನಡುವೆ ಗಾಡಿ ನಿಲ್ಲಿಸಿ ಬಾಗಿಲು ತೆಗೆಯುವ ಮುನ್ನ ಹಗ್ಗ ಕೈಯಲ್ಲಿದೆಯೇ ನೋಡಿಕೊಳ್ಳಿ, ಕಾಡಿಗೆ ಹಾರಿದ ಹೊಸ ನಾಯಿ ಮರಳಿ ಸಿಗುವುದು ಅಪರೂಪ. ಕರಾವಳಿಯ ಬೇರೆ ಊರಿಗೆ ಕೊಂಕಣ ರೈಲಿನಲ್ಲಿ ಕಳಿಸುವುದಾದರೆ ಪ್ರಥಮ ದರ್ಜೆ ಎಸಿಯ ಕೂಪೆ ಅಥವಾ ಕ್ಯಾಬಿನ್ ಪೂರ್ತಿಯಾಗಿ ನಿಮ್ಮದಾಗಿರಬೇಕು, ಇಲ್ಲವಾದರೆ ಗಾರ್ಡ್ ಬೋಗಿಯ ನಾಯಿಪೆಟ್ಟಿಗೆಯೇ ಗತಿ. ಕತ್ತಲು ಮತ್ತು ಸದ್ದಿನ ಆ ಪೆಟ್ಟಿಗೆಗೆ ಹೆದರುವ ನಾಯಿಯನ್ನು ಹಾಕಬೇಡಿ.

ಹೊಸ ಮನೆಯಲ್ಲಿ ಮೊದಲ ದಿನಗಳು ಹೇಗಿರುತ್ತವೆ?

ಮೊದಲ ಮೂರು ದಿನ ತಿನ್ನದೆ ಮೂಲೆಯಲ್ಲಿ ಮಲಗಬಹುದು, ಮೂರು ವಾರಕ್ಕೆ ಮನೆಯ ದಿನಚರಿ ತಿಳಿಯುತ್ತದೆ, ಪೂರ್ತಿ ಒಗ್ಗಲು ಮೂರು ತಿಂಗಳಾದರೂ ಬೇಕು. ತಪ್ಪಿಸಿಕೊಂಡು ಹೋಗುವುದು ಹೆಚ್ಚಾಗಿ ಮೊದಲ ವಾರಗಳಲ್ಲಿಯೇ. ಅಷ್ಟು ಕಾಲ ದಣಪೆ (ಅಂಗಳದ ಬೇಲಿಯ ಬಾಗಿಲು) ತೆರೆದಿಡಬಾರದು, ಹೊರಗೆ ಹೋಗುವಾಗ ಹಗ್ಗವಿರಬೇಕು, ಕುತ್ತಿಗೆ ಪಟ್ಟಿಯ ಮೇಲೆ ಫೋನ್ ಸಂಖ್ಯೆ ಬರೆದಿರಬೇಕು. ದೀಪಾವಳಿಯ ವಾರದಲ್ಲಿ, ಶಿರಸಿಯಲ್ಲಾದರೆ ಮಾರಿಕಾಂಬಾ ಜಾತ್ರೆಯ ಅಥವಾ ಹೋಳಿಯ ಬೇಡರ ವೇಷದ ದಿನಗಳಲ್ಲಿ ಪೇಟೆಯ ಮನೆಗೆ ನಾಯಿಯನ್ನು ಒಪ್ಪಿಸಬೇಡಿ. ತಮಟೆಯ ಸದ್ದಿಗೂ ಪಟಾಕಿಗೂ ಬೆದರಿದ ನಾಯಿಗೆ ಓಡಿ ಬರಲು ಆ ಮನೆಯ ದಾರಿಯೇ ಇನ್ನೂ ಗೊತ್ತಿರುವುದಿಲ್ಲ.

ಆಹಾರದ ಬಗ್ಗೆ: ಸಸ್ಯಾಹಾರಿಗಳ ಮನೆಯಲ್ಲಿ ಬರೀ ಮಜ್ಜಿಗೆ ಅನ್ನ ಸಾಲದು. ಮೊಟ್ಟೆ ಹಾಕಲು ಒಪ್ಪದಿದ್ದರೆ ಬೇಳೆ, ಮೊಸರು, ಪನೀರಿನ ಜೊತೆಗೆ ಅಂಗಡಿಯಲ್ಲಿ ಸಿಗುವ ಸಮತೋಲನದ ನಾಯಿ ಆಹಾರವನ್ನು ಸೇರಿಸಬೇಕು. ಮೀನು ತಿನ್ನುವ ಮನೆಯಲ್ಲಿ ಮುಳ್ಳು ತೆಗೆದು ಬೇಯಿಸಿ ಕೊಡಬೇಕು. ಬೇಯಿಸಿದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಸಲ್ಲದು.

ಅಕ್ಕಪಕ್ಕದವರು ವಿಷ ಹಾಕುವುದಾಗಿ ಬೆದರಿಸಿದರೆ?

ಪ್ರಾಣಿಗೆ ವಿಷವಿಕ್ಕುವುದು, ಕೊಲ್ಲುವುದು, ಅಂಗಹೀನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ. ಠಾಣೆಗೆ ಲಿಖಿತ ದೂರು ಕೊಡಿ. ಅದಕ್ಕೂ ಮುನ್ನ ಅವರ ತಕರಾರು ಏನೆಂದು ಕೇಳಿ ನೋಡಿ. ರಾತ್ರಿಯ ಬೊಗಳುವಿಕೆಯೋ ಅವರ ಹಿತ್ತಲಿನ ಹೂಗಿಡ ಕೆದರಿದ್ದೋ ಆದರೆ ಸರಿಪಡಿಸಲು ಬರುವಂಥದ್ದೇ.

ಕೊಟ್ಟ ಮೇಲೆ ಎಷ್ಟು ಸಲ ವಿಚಾರಿಸಬೇಕು? ಮರಳಿಸುತ್ತೇವೆ ಎಂದರೆ?

ಮೊದಲ ವಾರ ದಿನವೂ ಒಂದು ಫೋನು, ಮೊದಲ ತಿಂಗಳಲ್ಲಿ ಒಮ್ಮೆ ಭೇಟಿ, ಮುಂದೆ ಲಸಿಕೆಯ ದಿನಗಳಂದು ನೆನಪು. ಮರಳಿಸುತ್ತೇವೆ ಎಂದವರ ಮೇಲೆ ಸಿಟ್ಟಾಗಬೇಡಿ. ಬೈಯುತ್ತಾರೆಂದು ಹೆದರಿದವರು ಹೇಳದೆ ಬಿಟ್ಟುಬರುತ್ತಾರೆ. ಧೈರ್ಯವಾಗಿ ಫೋನ್ ಮಾಡಿದವರು ನಾಯಿಗೆ ಉಪಕಾರವನ್ನೇ ಮಾಡಿದ್ದಾರೆ. ಚಪ್ಪಲಿ ಕಚ್ಚುವುದು, ಒಳಗೆ ಮೂತ್ರ ಮಾಡುವುದು ಮುಂತಾದ ದೂರುಗಳು ಎರಡು ವಾರದ ಮಾರ್ಗದರ್ಶನದಿಂದ ಬಗೆಹರಿಯುತ್ತವೆ. ಮಗುವಿಗೆ ಕಚ್ಚಿದೆ ಎಂದರೆ ಮಾತ್ರ ಅದೇ ದಿನ ಹೋಗಿ ಕರೆತನ್ನಿ.

ತಿಂಗಳುಗಟ್ಟಲೆ ಕಾದರೂ ಯಾರೂ ಮುಂದೆ ಬಾರದಿದ್ದರೆ?

ವಯಸ್ಸಾದ ನಾಯಿಗಳಿಗೂ ತೀರ ಅಂಜುಬುರುಕ ನಾಯಿಗಳಿಗೂ ಹೀಗಾಗುತ್ತದೆ. ಆರೋಗ್ಯವಂತ ದೊಡ್ಡ ನಾಯಿಯಾಗಿದ್ದು, ಬೀದಿಯಲ್ಲಿ ಬದುಕುವುದು ಅದಕ್ಕೆ ಗೊತ್ತಿದ್ದು, ತಂದು ಬಹಳ ಕಾಲವಾಗಿರದಿದ್ದರೆ, ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯಾದ ಮೇಲೆ ಅದು ಹುಟ್ಟಿ ಬೆಳೆದ ಕೇರಿಗೇ ಮರಳಿ ಬಿಡುವುದು ಸೋಲಲ್ಲ. ಅನ್ನ ಹಾಕುವ ಒಂದಿಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು, ಆ ಜಾಗ ಶಾಲೆ ಅಥವಾ ಆಸ್ಪತ್ರೆಯ ಆವರಣವಾಗಿರಬಾರದು. ಪರಿಚಯವಿಲ್ಲದ ಇನ್ನೊಂದು ಊರಿನಲ್ಲಿ, ಮೀನುಪೇಟೆಯ ಪಕ್ಕ ಬಿಟ್ಟರೆ ಹೇಗೋ ಬದುಕುತ್ತದೆ ಎಂದು ಬಿಡಲೇಬೇಡಿ, ಅಲ್ಲಿನ ನಾಯಿಗಳು ಅದನ್ನು ಬದುಕಗೊಡುವುದಿಲ್ಲ. ಬೀದಿಗೆ ಮರಳಲಾರದ ನಾಯಿಯಾದರೆ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮನೆಗಳನ್ನು ಹುಡುಕಿ: ಒಂದು ತಿಂಗಳು ಒಬ್ಬರು, ಇನ್ನೊಂದು ತಿಂಗಳು ಮತ್ತೊಬ್ಬರು, ಔಷಧಿ ಆಹಾರದ ಖರ್ಚು ಎಲ್ಲರೂ ಹಂಚಿಕೊಂಡು. ಹೀಗೆ ಇಟ್ಟುಕೊಂಡ ಮನೆಯವರೇ ಕೊನೆಗೆ ನಾಯಿಯನ್ನು ಕಳಿಸಲೊಲ್ಲೆವೆಂದು ಹೇಳುವುದು ಬಹಳ ಸಲ ಆಗಿದೆ. ಹಾಗಾದಾಗಲೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ.